ಪಬ್ಬಿನ ಹಿಂದಿನ ಕೋಣೆ ಮತ್ತು ನಮ್ಮ ತಮಟೆ

ಪೋಸ್ಟ್ ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

ಹೋದ ಶನಿವಾರ ಅಕ್ಕನ ಮಗ ನನ್ನನ್ನ ಬೆಂಗಳೂರಿನ ಒಂದು ಚಿಕ್ಕ ಜಾಗಕ್ಕೆ ರಾಕ್ ಸಂಗೀತ ಕೇಳಿಸೋಕೆ ಕರ್ಕೊಂಡು ಹೋಗಿದ್ದ. ಅವನ ಗೆಳೆಯನದೇ ಬ್ಯಾಂಡು. ಮೂರನೇ ಮಹಡಿಯ ಒಂದು ಹಾಲು, ನೂರು ಜನ ನಿಂತ್ರೆ ತುಂಬಿ ಹೋಗುತ್ತೆ. ನಾನು ಆಫೀಸಿಂದ ನೇರ ಹೋಗಿದ್ದೆ. ಜೇಬಲ್ಲಿ ಪೆನ್ನು, ಹೆಗಲಲ್ಲಿ ಊಟದ ಡಬ್ಬಿ ಇದ್ದ ಬ್ಯಾಗು. ಟಿಕೆಟ್ ತೋರಿಸಿದ ಮೇಲೂ ಬಾಗಿಲಲ್ಲಿದ್ದವನು "ಯಾರನ್ನ ನೋಡ್ಬೇಕಿತ್ತು ಸಾರ್?" ಅಂದ. ಬೈಲಿಲ್ಲ, ತಳ್ಳಲಿಲ್ಲ, ಕೇಳಿದ ಅಷ್ಟೆ. ಈ ಪ್ರಶ್ನೆ ನಿಮಗೂ ಗೊತ್ತು, ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಹತ್ತು ನಿಮಿಷ ಕಿವಿ ಗುಂಯ್ ಅಂತಿತ್ತು. ಹಾಡಿನ ಇಂಗ್ಲಿಷ್ ಅರ್ಧ ತಿಳೀಲಿಲ್ಲ. ಆಮೇಲೆ ದೊಡ್ಡ ಡ್ರಮ್ಮಿನ ಏಟು ಎದೆಗೆ ತಾಗೋಕೆ ಶುರುವಾಯ್ತು. ನಮ್ಮಪ್ಪ ತಮಟೆ ಬಾರಿಸುವಾಗ ಪಕ್ಕದಲ್ಲಿ ನಿಂತ್ರೆ ಇದೇ ಜಾಗಕ್ಕೆ ತಾಗ್ತಿತ್ತು. ಸುತ್ತ ನಿಂತ ಹುಡುಗ ಹುಡುಗೀರ ಭುಜ ನನ್ನ ಭುಜಕ್ಕೆ ತಗುಲ್ತಿತ್ತು, ಅವರ ಬೆವರು ನನ್ನ ಶರ್ಟಿಗೆ ಹತ್ತಿತ್ತು. ಒಬ್ಬರೂ "ಯಾವ ಕಡೆಯವ್ರು ಸಾರ್ ನೀವು" ಅಂತ ಕೇಳಲಿಲ್ಲ. ಅಷ್ಟು ಚಿಕ್ಕ ಕೋಣೆಯಲ್ಲಿ ಒಬ್ಬರನ್ನೊಬ್ಬರು ಮುಟ್ಟದೆ ಸಂಗೀತ ಕೇಳೋಕೇ ಆಗಲ್ಲ. ಇದು ದೊಡ್ಡ ಮೈದಾನದ ಕಾರ್ಯಕ್ರಮದಲ್ಲಿ ಸಿಗೋದಲ್ಲ.

ಆ ಫೋಟೋನ ಸಂಘದ ಗ್ರೂಪಿಗೆ ಹಾಕಿದೆ. ಒಬ್ಬ ತಮ್ಮ ತಕ್ಷಣ ಬರೆದ: "ಅಣ್ಣ, ಇದು ದುಡ್ಡಿರೋರ ಮಕ್ಕಳ ಶೋಕಿ, ನಮಗ್ಯಾಕೆ?" ಪ್ರಶ್ನೆ ತಪ್ಪಲ್ಲ. ಆ ಟಿಕೆಟ್ ದುಡ್ಡಲ್ಲಿ ನಮ್ಮನೆಗೆ ಒಂದು ವಾರದ ತರಕಾರಿ ಬರ್ತಿತ್ತು. ಆದ್ರೆ ಅವನಿಗೆ ಎರಡು ಸಾಲಲ್ಲಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಇಂಗ್ಲೆಂಡಿನ ಒಂದು ಚರಿತ್ರೆ ಬರೀತಿದ್ದೀನಿ. ಚಿಕ್ಕ ಕೋಣೆಗಳಲ್ಲಿ ನಡೆದ ಚರಿತ್ರೆ.

1976ರ ಆಗಸ್ಟ್ 5. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಎರಿಕ್ ಕ್ಲಾಪ್ಟನ್ ಕಛೇರಿ. ಆ ಕಾಲದ ಬಹು ದೊಡ್ಡ ಗಿಟಾರ್ ವಾದಕ. ಕುಡಿದು ವೇದಿಕೆ ಹತ್ತಿದ್ದ ಆತ ಹಾಡಿನ ನಡುವೆ, ವಿದೇಶಿಯರು ದೇಶ ಬಿಟ್ಟು ಹೋಗಲಿ, ಬ್ರಿಟನ್ ಬಿಳಿಯರದ್ದಾಗಿಯೇ ಇರಲಿ ಅಂತ ಮಾತಾಡಿದ. ಎನೋಕ್ ಪೊವೆಲ್‌ನ ಬೆಂಬಲಿಸಿ ಅಂದ. ಈ ಪೊವೆಲ್ ಅದೇ ಊರಲ್ಲಿ 1968ರಲ್ಲಿ ವಲಸಿಗರ ವಿರುದ್ಧ ವಿಷ ಕಾರಿದ್ದ ರಾಜಕಾರಣಿ. ಸಿಟ್ಟು ಬರೋದು ಎಲ್ಲಿ ಅಂದ್ರೆ, ಕ್ಲಾಪ್ಟನ್ ಕಲಿತದ್ದೇ ಅಮೆರಿಕದ ಕಪ್ಪು ಜನರ ಬ್ಲೂಸ್. ಎರಡು ವರ್ಷ ಮುಂಚೆ, 1974ರಲ್ಲಿ, ಆತ ಅಮೆರಿಕದಲ್ಲಿ ಪಟ್ಟಿಯ ತುದಿಗೆ ಏರಿದ್ದು ಜಮೈಕಾದ ಬಾಬ್ ಮಾರ್ಲಿ ಬರೆದ ಹಾಡು ಹಾಡಿ. ಹಾಡು ಬೇಕು, ಹಾಡು ಕಟ್ಟಿದವರು ಬೇಡ. ದೇವರ ಮೆರವಣಿಗೆಗೆ ತಮಟೆ ಬೇಕು, ಗುಡಿ ಒಳಗೆ ತಮಟೆಯವನು ಬೇಡ ಅನ್ನೋ ಊರಲ್ಲಿ ಬೆಳೆದ ನನಗೆ ಇದು ಅರ್ಥ ಆಗೋಕೆ ಯಾವ ಅನುವಾದವೂ ಬೇಕಾಗಲಿಲ್ಲ. (ಎಷ್ಟೋ ವರ್ಷ ಆದ ಮೇಲೆ ಆತ ಆ ಮಾತಿಗೆ ನಾಚಿಕೆ ಆಗುತ್ತೆ ಅಂದಿದ್ದಾರೆ. ಅದನ್ನೂ ಹೇಳಬೇಕು, ಹೇಳಿದ್ದೀನಿ.)

ರೆಡ್ ಸಾಂಡರ್ಸ್ ಅನ್ನೋ ಫೋಟೋಗ್ರಾಫರ್, ರೋಜರ್ ಹಡಲ್ ಮತ್ತು ಇನ್ನು ಕೆಲವರು ಸೇರಿ ಸಂಗೀತ ಪತ್ರಿಕೆಗಳಿಗೆ ಒಂದು ಕಾಗದ ಬರೆದ್ರು. ಜನಾಂಗ ದ್ವೇಷದ ವಿರುದ್ಧ ರಾಕ್ ಸಂಗೀತದ ಒಳಗೇ ಒಂದು ಚಳವಳಿ ಬೇಕು, ಬರೋರು ಬರ್ರಿ ಅನ್ನೋದು ಅದರ ಸಾರ. ನೂರಾರು ಜನ ಉತ್ತರ ಬರೆದ್ರು. ಹೀಗೆ ಹುಟ್ಟಿದ್ದು 'ರಾಕ್ ಅಗೇನ್ಸ್ಟ್ ರೇಸಿಸಂ'. ಆಗ ನಮ್ಮಲ್ಲಿ ತುರ್ತು ಪರಿಸ್ಥಿತಿ, ಪತ್ರಿಕೆಗೆ ಏನು ಬರೆಯೋಕೂ ಹೆದರಬೇಕಿತ್ತು ಅನ್ನೋದು ನೆನಪಿರಲಿ.

ಚಳವಳಿಯ ಮೊದಲ ಕಾರ್ಯಕ್ರಮಗಳಲ್ಲಿ ಒಂದು ನಡೆದದ್ದು 1976ರ ಕೊನೆಯಲ್ಲಿ, ಪೂರ್ವ ಲಂಡನ್ನಿನ ಫಾರೆಸ್ಟ್ ಗೇಟ್‌ನ ಪ್ರಿನ್ಸೆಸ್ ಆಲಿಸ್ ಅನ್ನೋ ಪಬ್ಬಲ್ಲಿ. ಪಬ್ಬು ಅಂದ ತಕ್ಷಣ ಬರೀ ಹೆಂಡ ಅಂದ್ಕೋಬೇಡಿ. ಅಲ್ಲಿನ ಕಾರ್ಮಿಕರಿಗೆ ಅದು ನಮ್ಮೂರ ಅರಳಿಕಟ್ಟೆ ಥರ. ನಮ್ಮೂರ ಕಟ್ಟೆ ಮೇಲೆ ಯಾರು ಕೂರಬಹುದು, ಯಾರು ಕೂರಬಾರದು ಅಂತ ಹೇಗೆ ಇತ್ತೋ ಅಲ್ಲೂ ಹಾಗೇ ಇತ್ತು. ಬಣ್ಣ ನೋಡಿ ಪಬ್ಬಿಂದ ಆಚೆ ಕಳಿಸೋದು 1965ರ ಕಾನೂನು ಬರೋವರೆಗೂ ಅಲ್ಲಿ ತಪ್ಪೇ ಆಗಿರಲಿಲ್ಲ.

ಕಾನೂನು ಬಂದ ಮೇಲೂ ಒಂದು ಕಿಂಡಿ ಉಳೀತು. 'ಇದು ಪಬ್ಬಲ್ಲ, ಸದಸ್ಯರ ಕ್ಲಬ್ಬು' ಅಂತ ಬೋರ್ಡ್ ಹಾಕಿದ್ರೆ ಮುಗೀತು. ಫಾರೆಸ್ಟ್ ಗೇಟ್‌ಗೆ ಹತ್ತಿರದಲ್ಲೇ ಈಸ್ಟ್ ಹ್ಯಾಮ್ ಅಂತ ಇದೆ. ಅಲ್ಲಿನ ಒಂದು ಕನ್ಸರ್ವೇಟಿವ್ ಕ್ಲಬ್ಬು ಭಾರತ ಮೂಲದ ಒಬ್ಬರಿಗೆ ಬಣ್ಣದ ಕಾರಣಕ್ಕೆ ಸದಸ್ಯತ್ವ ಕೊಡಲಿಲ್ಲ. ಅವರು ಅದೇ ಪಕ್ಷದ ಸದಸ್ಯರು! ಕೇಸು ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯ್ತು. 1973ರಲ್ಲಿ ಕ್ಲಬ್ಬೇ ಗೆದ್ದಿತು. ಕ್ಲಬ್ಬಿನ ಸದಸ್ಯರು 'ಸಾರ್ವಜನಿಕರು' ಅಲ್ಲ, ಹಾಗಾಗಿ ಕಾನೂನು ಅನ್ವಯಿಸಲ್ಲ ಅನ್ನೋದು ತೀರ್ಪಿನ ತಿರುಳು. ಮರುವರ್ಷ ಕಾರ್ಮಿಕರ ಕ್ಲಬ್ಬೊಂದರ ಕೇಸಲ್ಲೂ ಇದೇ ಆಯ್ತು. ಹಡಗುಕಟ್ಟೆಯ ಕೂಲಿಗಳ ಕ್ಲಬ್ಬು ಅದು, ಶ್ರೀಮಂತರದ್ದಲ್ಲ! ಕೊನೆಗೆ 1976ರ ಕಾನೂನಲ್ಲಿ 25 ಮತ್ತು ಅದಕ್ಕಿಂತ ಹೆಚ್ಚು ಸದಸ್ಯರಿರೋ ಕ್ಲಬ್ಬುಗಳನ್ನೂ ಒಳಗೆ ತಂದು ಈ ಕಿಂಡಿ ಮುಚ್ಚಿದ್ರು. ದೇವಸ್ಥಾನ ಖಾಸಗಿ ಟ್ರಸ್ಟಿಂದು, ಬಾವಿ ನಮ್ಮ ಹೊಲದ್ದು ಅನ್ನೋ ವಾದ ಕೇಳಿ ಬೆಳೆದ ನಮಗೆ ಈ ಕಿಂಡಿ ಹೊಸದಾ ಹೇಳಿ.

ಇಂಥ ದಿನಗಳಲ್ಲಿ ಪಬ್ಬಿನ ಹಿಂದಿನ ಕೋಣೆ, ಕಾಲೇಜಿನ ಹಾಲು, ಸಮುದಾಯ ಭವನ ಅಂತ ಸಿಕ್ಕ ಸಿಕ್ಕ ಚಿಕ್ಕ ಜಾಗಗಳಲ್ಲಿ ಈ ಚಳವಳಿಯ ಹುಡುಗರು ಕಾರ್ಯಕ್ರಮ ಇಟ್ರು. ಒಂದು ಪದ್ಧತಿ ಮಾಡ್ಕೊಂಡಿದ್ರು. ಬಿಳಿಯರ ಪಂಕ್ ಬ್ಯಾಂಡು ಮತ್ತು ಕಪ್ಪು ಜನರ ರೆಗ್ಗೆ ಬ್ಯಾಂಡು ಒಂದೇ ರಾತ್ರಿ, ಒಂದೇ ವೇದಿಕೆ. ಕೊನೆಗೆ ಇಬ್ಬರೂ ಸೇರಿ ನುಡಿಸಬೇಕು. ಕೇಳೋಕೆ ಸಣ್ಣ ವಿಷಯ. ಆದ್ರೆ ಪಂಕ್ ಕೇಳೋಕೆ ಬಂದ ಬಿಳಿ ಹುಡುಗ ರೆಗ್ಗೆ ಮುಗಿಯೋವರೆಗೆ ನಿಲ್ಲಲೇಬೇಕು. ತಾನು ಬೀದೀಲಿ ಬೈತಿದ್ದ ಹುಡುಗನ ಪಕ್ಕ ನಿಲ್ಲಬೇಕು, ಭುಜಕ್ಕೆ ಭುಜ ತಗುಲಿಸ್ಕೊಂಡು. ಶ್ಯಾಮ್ 69 ಅನ್ನೋ ಪಂಕ್ ಬ್ಯಾಂಡಿನ ಹಿಂದೆ ನ್ಯಾಷನಲ್ ಫ್ರಂಟ್ ಪಕ್ಷದ ತಲೆ ಬೋಳಿಸಿದ ಹುಡುಗರ ದಂಡೇ ಇತ್ತು. 1978ರಲ್ಲಿ ಆ ಬ್ಯಾಂಡು 'ಮಿಸ್ಟಿ ಇನ್ ರೂಟ್ಸ್' ಅನ್ನೋ ರೆಗ್ಗೆ ತಂಡದ ಜೊತೆ ಒಂದೇ ವೇದಿಕೆ ಹತ್ತಿತು. ತನ್ನ ಅಭಿಮಾನಿಗಳೇ ಹೊಡೀಬಹುದು ಅಂತ ಗೊತ್ತಿದ್ದೂ ಹತ್ತೋದು ಸುಲಭದ ಮಾತಲ್ಲ.

1978ರ ಏಪ್ರಿಲ್ 30ರ ವಿಕ್ಟೋರಿಯಾ ಪಾರ್ಕ್ ಮೇಳದ ಬಗ್ಗೆ ಎಲ್ಲರೂ ಬರೀತಾರೆ. ಟ್ರಫಾಲ್ಗರ್ ಚೌಕದಿಂದ ಮೆರವಣಿಗೆ, ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಅಂತ ಲೆಕ್ಕ, ದಿ ಕ್ಲಾಶ್, ಸ್ಟೀಲ್ ಪಲ್ಸ್, ಸೊಮಾಲಿ ಅಪ್ಪನ ಮಗಳು ಪಾಲಿ ಸ್ಟೈರೀನ್ ಹಾಡಿದ ಎಕ್ಸ್-ರೇ ಸ್ಪೆಕ್ಸ್. ದೊಡ್ಡದೇ. ಆದ್ರೆ ನಾಲ್ಕೇ ದಿನಕ್ಕೆ, ಮೇ 4ರಂದು, ಅದೇ ಪೂರ್ವ ಲಂಡನ್ನಲ್ಲಿ ಆಲ್ತಾಬ್ ಅಲಿ ಅನ್ನೋ ಬಾಂಗ್ಲಾ ಮೂಲದ ಗಾರ್ಮೆಂಟ್ ಕೆಲಸಗಾರನನ್ನ ಕೆಲಸ ಮುಗಿಸಿ ಮನೆಗೆ ಹೋಗ್ತಿರುವಾಗ ಕೊಂದರು. ಮೇಳದಿಂದ ದ್ವೇಷ ನಿಲ್ಲಲ್ಲ. ನಮ್ಮ ಸಮಾವೇಶಗಳ ಮರುದಿನ ಬರೋ ಸುದ್ದಿ ಓದಿ ನನಗೆ ಇದು ಅಭ್ಯಾಸ ಆಗಿದೆ.

ನನ್ನ ಮನಸ್ಸಲ್ಲಿ ಹೆಚ್ಚು ಉಳಿದಿರೋದು ಸೌತಾಲ್. ಪಶ್ಚಿಮ ಲಂಡನ್ನಲ್ಲಿ ಪಂಜಾಬಿನಿಂದ ಹೋದ ಕಾರ್ಮಿಕರ ಊರು. ಅಲ್ಲಿ 'ಪೀಪಲ್ ಯುನೈಟ್' ಅಂತ ಒಂದು ಮನೆ ಇತ್ತು. ಮಿಸ್ಟಿ ತಂಡದವರ ನೆಲೆ, ಹುಡುಗರು ಬಂದು ವಾದ್ಯ ಕಲಿಯೋ ಜಾಗ, ಹಾಡೋ ಜಾಗ. ರೆಕಾರ್ಡನ್ನೂ ಅವರೇ ತರ್ತಿದ್ರು. ದಿ ರಟ್ಸ್ ಅನ್ನೋ ಬಿಳಿ ಹುಡುಗರ ಪಂಕ್ ಬ್ಯಾಂಡಿನ ಮೊದಲ ರೆಕಾರ್ಡ್ ಬಂದಿದ್ದೇ ಈ ಕಪ್ಪು ಜನರ ಸಹಕಾರಿ ಸಂಸ್ಥೆಯಿಂದ. ಅವಕಾಶ ಕೊಟ್ಟವರು ಯಾರು, ತಗೊಂಡವರು ಯಾರು ಗಮನಿಸಿ.

1979ರ ಏಪ್ರಿಲ್ 23, ಚುನಾವಣೆ ಸಮಯ. ನ್ಯಾಷನಲ್ ಫ್ರಂಟ್‌ಗೆ ಸೌತಾಲ್ ಟೌನ್ ಹಾಲಲ್ಲೇ ಸಭೆ ಮಾಡೋಕೆ ಜಾಗ ಕೊಟ್ರು. ನಮ್ಮ ಕೇರಿ ಮಧ್ಯೆ ಬಂದು ನಮ್ಮನ್ನೇ ಬೈಯೋ ಸಭೆಗೆ ಪೊಲೀಸ್ ಕಾವಲು ಕೊಟ್ಟ ಹಾಗೆ. ಊರೇ ಬೀದಿಗಿಳೀತು. ಸಾವಿರಾರು ಪೊಲೀಸರು ಬಂದ್ರು. 300ಕ್ಕೂ ಹೆಚ್ಚು ಜನರನ್ನ ಬಂಧಿಸಿದ್ರು. ನ್ಯೂಜಿಲೆಂಡಿನ ಮೇಷ್ಟ್ರು ಬ್ಲೇರ್ ಪೀಚ್ ತಲೆಗೆ ಏಟು ಬಿದ್ದು ಸತ್ತರು. ಪೀಪಲ್ ಯುನೈಟ್ ಮನೆಗೂ ಪೊಲೀಸರು ನುಗ್ಗಿದ್ರು. ಒಳಗಿದ್ದವರನ್ನ ಹೊಡೆದ್ರು, ವಾದ್ಯ, ಸ್ಪೀಕರು ಎಲ್ಲ ಒಡೆದು ಹಾಕಿದ್ರು. ಮಿಸ್ಟಿಯ ಮ್ಯಾನೇಜರ್ ಕ್ಲಾರೆನ್ಸ್ ಬೇಕರ್ ತಲೆಬುರುಡೆ ಬಿರಿದು ಕೋಮಾಕ್ಕೆ ಹೋದ್ರು. ಆಮೇಲೆ ಆ ಮನೇನೇ ಕೆಡವಿ ಹಾಕಿದ್ರು. ಪೀಚ್ ಸಾವಿಗೆ ಪೊಲೀಸರೊಬ್ಬರ ಏಟೇ ಕಾರಣ ಇರಬೇಕು ಅನ್ನೋ ಪೊಲೀಸರದ್ದೇ ತನಿಖಾ ವರದಿ ಹೊರಗೆ ಬಂದದ್ದು 2010ರಲ್ಲಿ, 31 ವರ್ಷ ಆದ ಮೇಲೆ. ಯಾರಿಗೂ ಶಿಕ್ಷೆ ಆಗಲಿಲ್ಲ. ಫೈಲು ಹೇಗೆ ಮಲಗುತ್ತೆ ಅಂತ ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಡೆದದ್ದು ಏನು ನೋಡಿ. ಸ್ಪೀಕರು, ಗಿಟಾರು. ಸಂಗೀತ ಬರೀ ಶೋಕಿ ಆಗಿದ್ರೆ ಅದನ್ನ ಒಡೆಯೋಕೆ ಲಾಠಿ ತಗೊಂಡು ಯಾಕೆ ಬರ್ತಿದ್ರು? ನಮ್ಮ ಕಡೆ ಗಲಾಟೆ ಆದಾಗೆಲ್ಲ ಮೊದಲು ಹರಿಯೋದು ತಮಟೆಯ ಚರ್ಮ ಅಲ್ವಾ.

ಈಗ ಕಹಿ ಮಾತು. ಈ ಚಳವಳಿಯನ್ನ ಮುನ್ನಡೆಸಿದವರಲ್ಲಿ ಹೆಚ್ಚಿನವರು ಬಿಳಿಯ ಎಡಪಂಥೀಯರು. ಕಪ್ಪು ಜನ ವೇದಿಕೆ ಮೇಲೆ ಇದ್ರು. ಬೀದೀಲಿ ದಿನಾ ಏಟು ತಿಂತಿದ್ದ ಏಷ್ಯಾದವರು? ಅವರ ಪರವಾಗಿ ಭಾಷಣ ಆಗ್ತಿತ್ತು, ಮೈಕು ಅವರ ಕೈಗೆ ಬರ್ತಿದ್ದದ್ದು ಕಡಿಮೆ. ಈ ಜಾಗದಲ್ಲಿ ನನಗೆ ಇಷ್ಟ ಆಗೋ ಬ್ಯಾಂಡು 'ಏಲಿಯನ್ ಕಲ್ಚರ್'. 1979ರಲ್ಲಿ ದಕ್ಷಿಣ ಲಂಡನ್ನಲ್ಲಿ ಮೂವರು ಪಾಕಿಸ್ತಾನಿ ಮೂಲದ ಹುಡುಗರು, ಒಬ್ಬ ಬಿಳಿಯ ಗಿಟಾರ್ ವಾದಕ ಸೇರಿ ಕಟ್ಟಿದ್ದು. ಬೇರೆ ಸಂಸ್ಕೃತಿಯವರು ಬಂದು ನಮ್ಮನ್ನ ಮುಳುಗಿಸಿಬಿಡ್ತಾರೆ ಅಂತ ಜನಕ್ಕೆ ಭಯ ಇದೆ ಅಂತ 1978ರಲ್ಲಿ ಮಾರ್ಗರೆಟ್ ಥ್ಯಾಚರ್ ಟೀವೀಲಿ ಹೇಳಿದ್ರಲ್ಲ, ಆ ಮಾತನ್ನೇ ಕಿತ್ತು ಹೆಸರು ಮಾಡ್ಕೊಂಡ್ರು. ಬೈಗುಳವನ್ನೇ ಬೋರ್ಡ್ ಮಾಡಿ ನೇತು ಹಾಕೋದು ನಮಗೂ ಗೊತ್ತಿರೋ ವಿದ್ಯೆ. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಪುಸ್ತಕಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟದ್ದೂ ಇದೇ ಎದೆಗಾರಿಕೆಯಿಂದ. ಏಲಿಯನ್ ಕಲ್ಚರ್ ತಂದದ್ದು ಒಂದೇ ಒಂದು ರೆಕಾರ್ಡು, 1980ರಲ್ಲಿ. ಮರುವರ್ಷ ತಂಡ ಮುಗೀತು. ಆದ್ರೆ ಅವರು ನುಡಿಸಿದ ಆ ಚಿಕ್ಕ ಹಾಲುಗಳಲ್ಲಿ, ಮುಂದೆ ನಿಂತ ಏಷ್ಯಾದ ಹುಡುಗರು ಮೊದಲ ಸಲ ತಮ್ಮಂಥ ಮುಖವನ್ನ ಮೈಕಿನ ಹಿಂದೆ ನೋಡಿದ್ರು.

ನಮ್ಮ ಹತ್ತಿರದ ಉದಾಹರಣೆ ಬೇಕಾ, ಚೆನ್ನೈ ನೋಡಿ. 2018ರ ಜನವರಿಯಲ್ಲಿ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಅಲ್ಲಿ ಮೊದಲ ಸಲ ವೇದಿಕೆ ಹತ್ತಿತು. ಹೆಸರು ಅಯೋತಿ ದಾಸರ ಮಾತಿಂದ ಬಂದದ್ದು. ಕೇರಿಯ ಗಾನಾ ಹಾಡು, ರಾಕ್, ರ‍್ಯಾಪ್ ಎಲ್ಲ ಒಟ್ಟಿಗೆ. ಸತ್ತವರ ಮುಂದೆ ಮಾತ್ರ ಕೇಳಬೇಕು ಅಂತ ಊರು ತೀರ್ಮಾನ ಮಾಡಿದ್ದ ಪರೈ, ಅಲ್ಲಿ ಡ್ರಮ್ಮು ಗಿಟಾರಿನ ಸಮಕ್ಕೆ ನಿಂತಿತು.

ಇದನ್ನೆಲ್ಲ ಓದ್ತಾ ನನ್ನದೇ ಒಂದು ತಪ್ಪು ನೆನಪಾಗ್ತಾ ಇದೆ. ಕೆಲವು ವರ್ಷದ ಹಿಂದೆ ಪ್ರಗತಿಪರರ ಒಂದು ಉತ್ಸವ. ಹೆಸರು ಹೇಳಲ್ಲ. ನಮ್ಮ ತಮಟೆ ತಂಡದ ಒಂಬತ್ತು ಜನರನ್ನ ಕರೆಸಿದ್ರು. ಗೇಟಿಂದ ವೇದಿಕೆವರೆಗೆ ಅತಿಥಿಗಳನ್ನ ಬಾರಿಸ್ಕೊಂಡು ಕರೆತರೋದು ಕೆಲಸ. ಅತಿಥಿಗಳು ಮೆಟ್ಟಿಲು ಹತ್ತಿದ್ರು, ತಮಟೆ ನಿಂತಿತು. ಆಮೇಲೆ ವೇದಿಕೆ ಮೇಲೆ ಬೆಂಗಳೂರಿಂದ ಬಂದ ಗಿಟಾರಿನ ತಂಡ ಸಮಾನತೆ ಬಗ್ಗೆ ಚೆನ್ನಾಗಿಯೇ ಹಾಡಿತು. ನಮ್ಮೋರು ಅಡುಗೆ ಶೆಡ್ಡಿನ ಪಕ್ಕ ತಟ್ಟೆ ಹಿಡ್ಕೊಂಡು ನಿಂತು ಕೇಳಿದ್ರು. ಹಿರಿಯರೊಬ್ಬರು "ನಮ್ದು ಆಯ್ತೇನಪ್ಪ?" ಅಂತ ನನ್ನನ್ನ ಕೇಳಿದ್ರು. "ಆಯ್ತು ದೊಡ್ಡಪ್ಪ" ಅಂದೆ. ಅವತ್ತಿನ ಕಾರ್ಯಕ್ರಮದ ಪಟ್ಟಿ ಟೈಪ್ ಮಾಡಿದ್ದು ನಾನೇ. 'ಸ್ವಾಗತ: ತಮಟೆ ವಾದನ' ಅಂತ ಮೇಲೆ, 'ಸಂಗೀತ' ಅಂತ ಬೇರೆ ಕಡೆ. ಟೈಪ್ ಮಾಡುವಾಗ ಕೈ ನಡುಗಲಿಲ್ಲ.

ತಮ್ಮ, ನಿನ್ನ ಪ್ರಶ್ನೆಗೆ ಇಷ್ಟೇ ನನ್ನ ಹತ್ರ ಇರೋದು. ಮುಂದಿನ ತಿಂಗಳ ನಮ್ಮ ಕಾರ್ಯಕ್ರಮಕ್ಕೆ ಅಕ್ಕನ ಮಗನ ಗೆಳೆಯರು ಬರೋಕೆ ಒಪ್ಪಿದ್ದಾರೆ, ಬಸ್ ಚಾರ್ಜ್ ಮತ್ತು ಊಟ ಸಾಕಂತೆ. ಸಂಘದ ಹಾಲು, ಎಂಬತ್ತು ಕುರ್ಚಿ ಹಿಡಿಸುತ್ತೆ. ಈ ಸಲ ಕುರ್ಚಿ ತೆಗೆದುಬಿಡೋಣ ಅಂತಿದ್ದೀನಿ, ವಯಸ್ಸಾದೋರಿಗೆ ಗೋಡೆ ಪಕ್ಕ ಹತ್ತು ಹನ್ನೆರಡು ಬಿಟ್ಟು. ಪಟ್ಟಿ ಮತ್ತೆ ನಾನೇ ಟೈಪ್ ಮಾಡ್ತಿದ್ದೀನಿ. ಬ್ಯಾಂಡು ಮತ್ತು ತಮಟೆ ತಂಡ ಒಂದೇ ಸಾಲಲ್ಲಿ, ಇಬ್ಬರಿಗೂ ನಲವತ್ತು ನಿಮಿಷ, ಕೊನೆಗೆ ಇಬ್ಬರೂ ಸೇರಿ. ಸಂಭಾವನೆನೂ ಒಂದೇ. ತಮಟೆ ಕಾಯಿಸೋಕೆ ಹಾಲಿನ ಹಿಂದೆ ಬೆಂಕಿಗೆ ಜಾಗ ಬೇಕು, ಪಕ್ಕದ ಮನೆಯೋರು ಹೊಗೆ ಅಂತ ತಕರಾರು ತೆಗೀತಾರೆ. ಅವರ ಹತ್ರ ಮಾತಾಡೋಕೆ ಯಾರು ಬರ್ತೀರಿ, ಹುಲ್ಲು ಯಾರು ತರ್ತೀರಿ, ಇವತ್ತು ರಾತ್ರಿಯೊಳಗೆ ಹೇಳಿ.