ಮುಳ್ಳಿನ ಮೊನೆ, ತಟ್ಟೆಯ ಆಯುಸ್ಸು

ಹಳೆಯ ಗ್ರಾಮಫೋನಿನ ಜೊತೆಗೆ ಪುಟ್ಟ ತಗಡಿನ ಡಬ್ಬಿಯ ತುಂಬ ಉಕ್ಕಿನ ಮುಳ್ಳುಗಳಿರುವುದನ್ನು ನೀವು ನೋಡಿರಬಹುದು. ಅಷ್ಟೊಂದು ಮುಳ್ಳುಗಳೇಕೆ?

78 ಸುತ್ತಿನ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಆ ಅರಗು ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದರು. ಮುಳ್ಳಿನ ಮೇಲೆ ನೂರು ಗ್ರಾಂಗೂ ಮಿಕ್ಕಿದ ಭಾರ. ಮೆತ್ತನೆಯ ತಟ್ಟೆಯಾದರೆ ಬೇಗ ಹಾಳಾದೀತು. ಇಲ್ಲಿ ಕಲ್ಲುಪುಡಿಯೇ ಮುಳ್ಳನ್ನು ಅರೆದು ಗೀರಿನ ಆಕಾರಕ್ಕೆ ತರುತ್ತಿತ್ತು. ಒಂದು ಬದಿ ಮುಗಿಯುವಷ್ಟರಲ್ಲಿ ಮೊನೆ ಸವೆದು ಅಂಚು ಉಳಿಯಂತಾಗುತ್ತಿತ್ತು. ಅದನ್ನೇ ಮತ್ತೆ ಬಳಸಿದರೆ ಗೀರಿನ ಗೋಡೆಯನ್ನೇ ಕೆತ್ತುತ್ತಿತ್ತು. ಮುಳ್ಳಿನ ಕಾಸು ಉಳಿಸಿದವರ ಮನೆಯ ತಟ್ಟೆಗಳು ಇಂದು ಬರೀ ಗೊರಗೊರ ಎನ್ನುತ್ತವೆ. ಮೂಲ ಅಚ್ಚು ಕಳೆದುಹೋಗಿದ್ದರೆ ಆ ಗಾಯಕರ ದನಿಯೂ ಅಲ್ಲಿಗೆ ಮುಗಿಯಿತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ವಿನೈಲ್‌ನ ಎಲ್.ಪಿ. ತಟ್ಟೆಯನ್ನು ತಂದಿತು. ಮೊನೆಯ ತ್ರಿಜ್ಯ ಸುಮಾರು 75 ಮೈಕ್ರಾನ್‌ನಿಂದ 25ಕ್ಕೆ ಇಳಿಯಿತು. ಭಾರ ಕೆಲವೇ ಗ್ರಾಂಗೆ ಬಂತು. ಆದರೆ ಮೊನೆ ಚೂಪಾದಷ್ಟೂ ಅದು ತಾಗುವ ಜಾಗ ಕಡಿಮೆ, ಒತ್ತಡ ಹೆಚ್ಚು. ನಿಮ್ಮ ಭೌತಶಾಸ್ತ್ರದ ಮೊದಲ ಪಾಠವಿದು. 1970ರ ದಶಕದಲ್ಲಿ ಜಪಾನಿನ ನೋರಿಯೊ ಶಿಬಾಟ ಇದಕ್ಕೆ ಜಾಣ ಉಪಾಯ ಹೂಡಿದರು. ಅವರು ರೂಪಿಸಿದ ವಜ್ರದ ಮೊನೆ ಗೋಡೆಯನ್ನು ಚುಕ್ಕೆಯಾಗಿ ಮುಟ್ಟದೆ ಉದ್ದನೆಯ ಗೆರೆಯಾಗಿ ಮುಟ್ಟುತ್ತದೆ. ಸೂಕ್ಷ್ಮ ಸ್ವರವೂ ಕೇಳುತ್ತದೆ, ಭಾರವೂ ಹಂಚಿಹೋಗುತ್ತದೆ.

ಹಾಗೆಂದು ಭಾರವನ್ನು ತೀರ ಇಳಿಸಬೇಡಿ. ಹಗುರಾದ ಮೊನೆ ಗಟ್ಟಿ ಸ್ವರ ಬಂದಾಗ ಗೋಡೆ ಬಿಟ್ಟು ಜಿಗಿದು, ಮರಳಿ ಬಂದು ಬಡಿಯುತ್ತದೆ. ತಯಾರಕರು ಒಂದೂವರೆಯಿಂದ ಎರಡು ಗ್ರಾಂ ಎಂದಿದ್ದರೆ, ಎರಡರ ಕಡೆಗೇ ಇಡುವುದು ಲೇಸು.