ಸಂತ ಅಲೋಶಿಯಸ್ ಪ್ರಾರ್ಥನಾಲಯ: ಶಾಲೆಯ ಮಗ್ಗುಲಲ್ಲಿ ಎದ್ದ ಗುಡಿ

ತಾರಿಹಾಳದಿಂದ ಘಟ್ಟವಿಳಿದು ಮಂಗಳೂರಿಗೆ ಹೋಗುವ ನಮ್ಮ ಭಕ್ತಾದಿಗಳು ಬಹುಮಟ್ಟಿಗೆ ಆಸ್ಪತ್ರೆಗೋ ಮಕ್ಕಳ ವಿದ್ಯಾಭ್ಯಾಸಕ್ಕೋ ಹೋಗುವವರು. ಕೆಲಸ ತೀರಿದ ಮೇಲೆ ಬಾವುಟಗುಡ್ಡವನ್ನೇರಿ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅರ್ಧ ಗಳಿಗೆ ಕುಳಿತು ಬರುವವರು ವಿರಳ. ಹಾಗೆ ಹೋದವರೂ ಚಿತ್ರಗಳನ್ನು ಕಂಡು ಬೆರಗಾಗುವರೇ ಹೊರತು, ಅದು ಶಾಲೆಯೊಂದರ ಅಂಗವಾಗಿ ಹುಟ್ಟಿದ ಗುಡಿಯೆಂಬುದನ್ನು ಗಮನಿಸುವುದಿಲ್ಲ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಸಂಬಂಧವನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇವೆ.

ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದುದು 1878ರ ಡಿಸೆಂಬರ್ 31ರಂದು. 1880ರ ಜನವರಿಯಲ್ಲಿಯೇ ಅವರು ಕಾಲೇಜನ್ನು ತೆರೆದರು. ಅದೇ ದಶಕದ ಮಧ್ಯಭಾಗದಲ್ಲಿ ಗುಡ್ಡದ ಮೇಲೆ ತರಗತಿಗಳ ಕಟ್ಟಡವೂ ಅದರ ಮಗ್ಗುಲಲ್ಲಿ ಪ್ರಾರ್ಥನಾಲಯವೂ ಎದ್ದು ನಿಂತವು. ಅದು ವಿಕ್ಟೋರಿಯಾ ರಾಣಿಯ ಕಾಲ. ಆ ಕಾಲದ ದೇವಾಲಯವೆಂದರೆ ಮೊನಚು ಕಮಾನು, ಎತ್ತರದ ಶಿಖರ, ಬಣ್ಣದ ಗಾಜು. 1882ರಲ್ಲಿ ಪ್ರತಿಷ್ಠೆಯಾದ ಬೆಂಗಳೂರಿನ ಸಂತ ಮರಿಯಮ್ಮನವರ ದೇವಾಲಯ ಇದಕ್ಕೆ ಸಾಕ್ಷಿ. ಮಂಗಳೂರಿನ ಗುರುಗಳಾದರೋ ಆ ದಾರಿ ಹಿಡಿಯದೆ ತಮ್ಮ ತಾಯ್ನಾಡಿನ ರೀತಿಯನ್ನೇ ಅನುಸರಿಸಿದರು. ಹೊರಗಿನಿಂದ ನೋಡಿದರೆ ಆ ಗುಡಿಯಲ್ಲಿ ಆಡಂಬರವಿಲ್ಲ. ಒಳಗೆ ಹೋದವರಿಗೇ ಅದರ ಐಶ್ವರ್ಯ ತಿಳಿಯುವುದು.

ಆ ಐಶ್ವರ್ಯವನ್ನು ತಂದವರು ಸಹೋದರ ಅಂತೋನಿಯೊ ಮೋಸ್ಕೇನಿಯವರು. ಬೆರ್ಗಾಮೊ ಪಟ್ಟಣದ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಜನಿಸಿದ ಅವರು ಚಿತ್ರಕಲೆಯಲ್ಲಿ ನುರಿತು, ತರುವಾಯ ಯೇಸುಸಭೆಯನ್ನು ಸೇರಿದವರು. ಗುರುದೀಕ್ಷೆ ಪಡೆಯದೆ ಕೊನೆಯವರೆಗೂ ಸಹೋದರರಾಗಿಯೇ ಉಳಿದರು. 1899ರಿಂದ 1901ರವರೆಗೆ ಅವರು ಈ ಗೋಡೆಗಳಿಗೆ ಬಣ್ಣವಿಟ್ಟರು. ಮೇಲ್ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲಚಿತ್ರ, ಗೋಡೆಗಳಿಗೆ ಫ್ರೆಸ್ಕೊ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕದಡಿದ ಬಣ್ಣವನ್ನು ಹಚ್ಚುವ ಕೆಲಸ. ಗಾರೆ ಒಣಗುತ್ತ ಗಾಳಿಯೊಡನೆ ಬೆರೆತು ಕಲ್ಲಾಗುವಾಗ ಬಣ್ಣವೂ ಅದರೊಳಗೇ ಬಂಧಿಯಾಗುತ್ತದೆ. ಆದುದರಿಂದ ಒಂದು ದಿನಕ್ಕೆ ಎಷ್ಟು ಬರೆಯಲಾದೀತೋ ಅಷ್ಟೇ ಗಾರೆಯನ್ನು ಬಳಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಇದರ ಕಷ್ಟ ತಿಳಿದೀತು.

ಬರೆದ ವಿಷಯಗಳನ್ನು ನೋಡಿದರೆ, ಯಾರ ಕಣ್ಣಿಗಾಗಿ ಬರೆದರೆಂಬುದು ಸ್ಪಷ್ಟವಾಗುತ್ತದೆ. ಮೇಲ್ಛಾವಣಿಯ ನಡುವೆ ಸಂತ ಅಲೋಶಿಯಸ್ ಗೊನ್ಸಾಗರ ಜೀವನ, ಇಳಿಜಾರಿನಲ್ಲಿ ಪ್ರೇಷಿತರು. ಸಂತ ಅಲೋಶಿಯಸರು ಅರಸು ಮನೆತನದ ಹಕ್ಕನ್ನು ತ್ಯಜಿಸಿ, ರೋಮಿನಲ್ಲಿ ಪಿಡುಗಿಗೆ ತುತ್ತಾದವರ ಶುಶ್ರೂಷೆ ಮಾಡುತ್ತ 1591ರಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತಮೂರೇ ವರ್ಷ. ಕೆಳಗೆ ಕುಳಿತ ವಿದ್ಯಾರ್ಥಿಗೆ ಅದು ಅಣ್ಣನ ವಯಸ್ಸು! ಹಿಂಬದಿಯ ಗೋಡೆಯಲ್ಲಿ ಪ್ರಭು ಯೇಸುಕ್ರಿಸ್ತರು ಮಕ್ಕಳ ಮಿತ್ರರಾಗಿ ಕಾಣಿಸುತ್ತಾರೆ. ಬಲಿಪೂಜೆ ಮುಗಿದು ತರಗತಿಗೆ ಹಿಂದಿರುಗಲು ಎದ್ದು ತಿರುಗಿದವನ ಕಣ್ಣಿಗೆ ಬೀಳುವುದು ಆ ಚಿತ್ರವೇ. ಬೋಧಕರು ಹೀಗೆಂದೇ ಯೋಜಿಸಿದರೆಂದು ನಾವು ಸಾಧಿಸಲಾರೆವು. ಆದರೆ ಶಾಲೆಗೆ ಇದಕ್ಕಿಂತ ಒಪ್ಪುವ ಗೋಡೆ ಮತ್ತೊಂದಿರಲಾರದು.

ಇನ್ನೊಂದು ಮಾತು. ತೊಂಬತ್ತು ವರ್ಷಗಳ ತೇವ ಆ ಗೋಡೆಗಳನ್ನು ಬಿಡಲಿಲ್ಲ. ಬಣ್ಣ ಮಾಸಿತು, ಹಾನಿಯಾಯಿತು. ಆಗ ಹೊಸ ಬಣ್ಣ ಬಳಿಸಿಬಿಡುವುದು ಸುಲಭವಾಗಿತ್ತು. ಹಾಗೆ ಮಾಡದೆ, 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರಿಂದ ಜೀರ್ಣೋದ್ಧಾರ ಮಾಡಿಸಿ ಮೂಲಚಿತ್ರಗಳನ್ನೇ ಉಳಿಸಿಕೊಂಡರು. ಉತ್ಸವ ಬಂತೆಂದರೆ ಹಳೆಯ ಬಲಿಪೀಠವನ್ನು ಕೀಳಿಸಿ ಹೊಳೆಯುವ ಟೈಲ್ಸ್ ಹಾಕಿಸುವ ಆತುರ ನಮ್ಮ ಸೀಮೆಯಲ್ಲಿಯೂ ಕಂಡುಬರುತ್ತಿದೆ. ಕಾಣಿಕೆ ಕೊಡುವವರ ಭಕ್ತಿಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಮೊದಲ ಹಣ ಸೋರುವ ಮಾಡಿಗೆ, ಎರಡನೆಯದು ನೀರು ಹರಿಯುವ ದೋಣಿಗೆ ಸಲ್ಲಲಿ ಎಂದು ಸಮಿತಿಯವರಲ್ಲಿ ಬಿನ್ನವಿಸುತ್ತೇವೆ.

ಮೋಸ್ಕೇನಿಯವರು 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ದೈವಾಧೀನರಾದರು. ಅಲ್ಲಿನ ಸಾಂತಾಕ್ರೂಸ್ ಪ್ರಧಾನಾಲಯಕ್ಕೆ ಅವರು ಚಿತ್ರ ಬರೆಯುತ್ತಿದ್ದರು. ಅದರ ಪ್ರತಿಷ್ಠೆಗೆ ಕೆಲವೇ ದಿನಗಳು ಉಳಿದಿದ್ದವು. ಮಂಗಳೂರಿನ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಪ್ರಾರ್ಥನಾಲಯ ಇಂದಿಗೂ ಅದರ ಅಂಗಳದಲ್ಲಿಯೇ ಇದೆ.