ಗುಂಡರ್ಟ್, ಜೂಲಿ (1809–1885)

ಬಾಸೆಲ್ ಮಿಷನ್ನಿನ ಮೊದಲ ತಲೆಮಾರಿನ ಶಿಕ್ಷಕಿ. ಮೂಲ ಹೆಸರು ಜೂಲಿ ದುಬೋಯಿ. ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಫ್ರೆಂಚ್ ಸೀಮೆಯಲ್ಲಿ, ಜರ್ಮನ್ ಮನೆತನಕ್ಕೆ ಸೇರಿದ್ದು ಮದುವೆಯಿಂದ. 1836ರಲ್ಲಿ ಮಿಷನರಿ ಗ್ರೋವ್ಸ್‌ನ ತಂಡದೊಡನೆ ಭಾರತಕ್ಕೆ ಬಂದು, 1838ರಲ್ಲಿ ಚಿತ್ತೂರಿನಲ್ಲಿ ಹರ್ಮನ್ ಗುಂಡರ್ಟನ ಕೈಹಿಡಿದಳು. ದಂಪತಿ ಮಂಗಳೂರಿನ ಮೂಲಕ 1839ರಲ್ಲಿ ತಲಶ್ಶೇರಿ ಸೇರಿದರು. ಅಲ್ಲಿ ಜೂಲಿ ಹೆಣ್ಣುಮಕ್ಕಳಿಗೆ ವಸತಿ ಶಾಲೆ ತೆರೆದಳು. ಗಂಡನ ಮಲಯಾಳಂ ನಿಘಂಟಿಗೆ ಸಿಕ್ಕ ಮನ್ನಣೆಯ ಎದುರು ಈ ಶಾಲೆಯ ಮಾತು ಬರುವುದೇ ಅಪರೂಪ.

ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಜನಿಸಿದಳು. ಮಿಷನರಿ ಮನೆಗಳ ರೂಢಿಯಂತೆ ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟುಬಂದರು; ತಾಯಿಯ ಮಡಿಲಿಗೆ ಮರಳುವಾಗ ಹದಿನೈದರ ಹುಡುಗಿ. ದಾರಿಯಲ್ಲಿ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನಿಗೆ ಮನಸೋತಿದ್ದಳು, ತಂದೆ ಒಪ್ಪಲಿಲ್ಲ. 1865ರಲ್ಲಿ ಚಾರ್ಲ್ಸ್ ಐಸೆನ್‌ಬರ್ಗನನ್ನು ಮದುವೆಯಾಗಿ 1870ರಲ್ಲಿ ವಿಧವೆಯಾದಳು. 1874ರಲ್ಲಿ, ಹಿಂದೆ ಭಾರತದಲ್ಲಿ ಮಿಷನರಿಯಾಗಿದ್ದ ಯೋಹಾನೆಸ್ ಹೆಸ್ಸೆಯನ್ನು ವರಿಸಿದಳು. ಇವರ ಮಗನೇ 'ಸಿದ್ಧಾರ್ಥ' (1922) ಬರೆದ, 1946ರ ನೊಬೆಲ್ ಪುರಸ್ಕೃತ ಹರ್ಮನ್ ಹೆಸ್ಸೆ. ಜೂಲಿ 1860ರಲ್ಲಿ ಭಾರತ ಬಿಟ್ಟಳು. ಕೊನೆಯ ವರ್ಷಗಳು ಜರ್ಮನಿಯ ಕಾಲ್ವ್‌ನಲ್ಲಿ ಕಳೆದವು.